ಹಿಂದಕ್ಕೆ ತಿರುಗಿದರೆ ಕಾಣುವವಳು

ಪಾರ್ಕಿನಲ್ಲಿ ಎಲ್ಲರೂ ಅವನನ್ನು ಬ್ರೇಕಣ್ಣ ಅಂತಲೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಕಬ್ಬಿಣದ ಕಂಬಗಳ ಮೇಲೆ ಏರಿ, ಬಿದ್ದು, ತಿರುಚಿಕೊಂಡು ಬರುವ ಹುಚ್ಚು ರೈಲಿಗೆ ಬ್ರೇಕು ಹಾಕುವುದು ಅವನ ಕೆಲಸ. ಜನ ಜೀವ ಬಾಯಿಗೆ ಬಂದವರಂತೆ ಕಿರುಚುತ್ತಾ ಬರುತ್ತಾರೆ, ಇವನು ಹಿಡಿಕೆ ಎಳೆಯುತ್ತಾನೆ, ಜನ ನಗುತ್ತಾ ಇಳಿದು ಹೋಗುತ್ತಾರೆ. ಅವನ ಕಡೆ ಯಾರೂ ನೋಡುವುದಿಲ್ಲ. ನೋಡಲಿ ಅಂತ ಅವನಿಗೂ ಇರಲಿಲ್ಲ.

ಅವನಿಗೆ ಒಂದು ಚಟವಿತ್ತು. ಕೆಲಸಕ್ಕೆ ಸೇರಿದ ಕಾಲದಲ್ಲಿ ಬ್ರೇಕು ಕೆಳಗಿನ ಕಟ್ಟೆಯಲ್ಲಿರಲಿಲ್ಲ, ರೈಲಿನ ಕೊನೆಯ ಗಾಡಿಯಲ್ಲೇ ಇತ್ತು. ಬ್ರೇಕಿನವನೂ ಜನರ ಜೊತೆಗೇ ಹೋಗಬೇಕು. ಮೊದಲ ಏರು ಹತ್ತುವಾಗ ಗಾಡಿ ಹಿಂದಕ್ಕೆ ಜಾರದಂತೆ ಕೆಳಗೊಂದು ಕೊಕ್ಕೆ ಹಲ್ಲಿನಿಂದ ಹಲ್ಲಿಗೆ ಕಚ್ಚಿಕೊಳ್ಳುತ್ತಾ ಬರುತ್ತದೆ. ಅದು ಕಚ್ಚುತ್ತಿದೆಯೋ ಇಲ್ಲವೋ ಅಂತ ಎಡಭುಜದ ಮೇಲಿಂದ ಬಗ್ಗಿ ಹಿಂದೆ ನೋಡುವುದು ಆಗಿನವರು ಕಲಿಸಿದ ಪಾಠ. ಮುಂದೆ ಬ್ರೇಕು ಕಟ್ಟೆಗಿಳಿಯಿತು, ಕೊಕ್ಕೆ ನೋಡಿಕೊಳ್ಳುವುದಕ್ಕೆ ಯಂತ್ರ ಬಂತು. ಕತ್ತು ಮಾತ್ರ ಹಳೇ ಪಾಠ ಮರೆಯಲಿಲ್ಲ. ಬಸ್ಸು ದಿಬ್ಬ ಹತ್ತಿದರೂ ಬ್ರೇಕಣ್ಣ ಹಿಂದೆ ತಿರುಗುತ್ತಿದ್ದ. ಟಿಕೆಟ್ ಕೌಂಟರಿನವನು ಅದನ್ನೇ ಇಟ್ಟುಕೊಂಡು ಆಡಿಸುತ್ತಿದ್ದ. ಮದುವೆ ಫೋಟೋದಲ್ಲೂ ಈ ಮಹಾನುಭಾವ ಹಿಂದಕ್ಕೆ ತಿರುಗಿಕೊಂಡಿದ್ದಾನೆ, ಹೆಂಡತಿಗೆ ಗಂಡನ ಮುಖ ಗೊತ್ತಾಗಿದ್ದೇ ಮನೆಗೆ ಹೋದ ಮೇಲೆ, ಅಂತ.

ಪಾರ್ಕಿಗೆ ಜನ ಬರುವುದು ಕಡಿಮೆಯಾದಾಗ ಮಾಲೀಕರು ಹೊಸ ಕಂಪನಿಯೊಂದನ್ನು ಕರೆತಂದರು. ರೈಲು ಅದೇ, ಹಳಿ ಅದೇ. ಆದರೆ ಹತ್ತುವ ಮುಂಚೆ ಪ್ರತಿಯೊಬ್ಬರ ಕಣ್ಣಿಗೂ ಒಂದು ದಪ್ಪ ಕಪ್ಪು ಕನ್ನಡಕ ಕಟ್ಟುತ್ತಾರೆ. ಅದರೊಳಗೆ ಬೇರೆಯದೇ ಲೋಕ. ಗಾಡಿ ಬಿದ್ದಾಗ ಆ ಲೋಕವೂ ಬೀಳುತ್ತದೆ, ಗಾಡಿ ವಾಲಿದಾಗ ಅದೂ ವಾಲುತ್ತದೆ. ಆ ಹೊಂದಿಕೆ ಕೂದಲೆಳೆಯಷ್ಟು ತಪ್ಪಿದರೂ ಜನ ವಾಂತಿ ಮಾಡಿಕೊಳ್ಳುತ್ತಾರೆ. ಅದನ್ನು ಸರಿಯಾಗಿಡುವುದಕ್ಕೆ ಕಂಪನಿ ಒಬ್ಬ ಇಂಜಿನಿಯರ್ ಹೆಂಗಸನ್ನು ಅಲ್ಲೇ ಇರಿಸಿತ್ತು. ಆ ಹೊಂದಿಕೆಗೆ ಅವಳು ಸಿಂಕ್ ಅನ್ನುತ್ತಿದ್ದಳು, ಕೆಲಸದವರು ಅವಳನ್ನೇ ಸಿಂಕ್ ಮೇಡಂ ಅನ್ನುತ್ತಿದ್ದರು.

ಆ ಲೋಕವನ್ನು ಪೂರ್ತಿ ಗಾಳಿಯಲ್ಲಿ ಕಟ್ಟಿರಲಿಲ್ಲ. ಮೊದಲು ಗಾಡಿಗೊಂದು ಕೋಲು ನೆಟ್ಟು, ಅದರ ತುದಿಯಲ್ಲಿ ಸುತ್ತಲೂ ನೋಡುವ ಕ್ಯಾಮೆರಾ ಇಟ್ಟು, ಒಂದು ಮಧ್ಯಾಹ್ನ ಇಡೀ ಪಾರ್ಕನ್ನು ಸೆರೆಹಿಡಿದರು. ಆಮೇಲೆ ಕಂಪ್ಯೂಟರಿನಲ್ಲಿ ಅದರ ಮೇಲೆ ಬಣ್ಣ ಬಳಿದರು. ಏರು ಹತ್ತುವಾಗ ಕಾಣುವುದು ನಿಜವಾದ ಪಾರ್ಕೇ. ತುದಿ ಮುಟ್ಟುವ ಹೊತ್ತಿಗೆ ಮುಂದುಗಡೆ ಆಕಾಶ ಸೀಳಿಕೊಂಡು ಮನೆಗಾತ್ರದ ಹದ್ದೊಂದು ಬಂದು ಗಾಡಿಯನ್ನು ಎತ್ತಿಕೊಂಡು ಹೋಗುತ್ತದೆ. ಎಲ್ಲರ ಕಣ್ಣೂ ಹದ್ದಿನ ಮೇಲೆ. ಹಿಂದಿನ ಎಡಮೂಲೆಯನ್ನು ಯಾರು ನೋಡುತ್ತಾರೆ ಅಂತ ಕಂಪನಿಯವರು ಅದನ್ನು ಮುಟ್ಟದೆ ಹಾಗೇ ಬಿಟ್ಟಿದ್ದರು.

ಅವರು ಬಣ್ಣ ಬಳಿಯುತ್ತಾ ಕೂತಿದ್ದ ತಿಂಗಳುಗಳಲ್ಲಿ ಬ್ರೇಕಣ್ಣನ ಮಗಳು ಜ್ವರ ಬಂದು ತೀರಿಕೊಂಡಳು. ಜ್ವರ ಮಿದುಳಿಗೆ ಹತ್ತಿತ್ತು ಅಂದರು ಡಾಕ್ಟರು. ಒಬ್ಬಳೇ ಮಗಳು. ಇದರಲ್ಲಿ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ಆಸ್ಪತ್ರೆಗೆ ಆಟೋದಲ್ಲಿ ಕರೆದುಕೊಂಡು ಹೋದರು, ವ್ಯಾನಿನಲ್ಲಿ ವಾಪಸು ತಂದರು.

ಹದ್ದಿನ ಸವಾರಿ ಶುರುವಾಗುವ ದಿನ ಬೆಳಿಗ್ಗೆ, ಗೇಟು ತೆಗೆಯುವ ಮುಂಚೆ, ನಿಯಮದಂತೆ ಬ್ರೇಕಣ್ಣ ಒಬ್ಬನೇ ಒಂದು ಸುತ್ತು ಹೋಗಿಬರಬೇಕಿತ್ತು. ಗ್ರೀಸು ಹಚ್ಚುವವನ ಕೈಗೆ ಬ್ರೇಕು ಕೊಟ್ಟು ಕನ್ನಡಕ ಕಟ್ಟಿಕೊಂಡು ಕೂತ. ಗಾಡಿ ಏರಿಗೆ ಬಿದ್ದಿತು. ಕತ್ತು ತಾನಾಗಿ ಎಡಕ್ಕೆ ಹೊರಳಿ ಹಿಂದಕ್ಕೆ ಬಗ್ಗಿತು.

ಕೊಕ್ಕೆ ಕಾಣಲಿಲ್ಲ. ಕೆಳಗೆ ಮಧ್ಯಾಹ್ನದ ಬಿಸಿಲಿತ್ತು. ಬ್ರೇಕಿನ ಕಟ್ಟೆಯ ಪಕ್ಕದ ಕಂಬಿ ಹಿಡಿದುಕೊಂಡು ಮಗಳು ನಿಂತಿದ್ದಳು.

ದಿನಾ ಶಾಲೆ ಬಿಟ್ಟ ಮೇಲೆ ಅವಳು ಅಲ್ಲಿಗೇ ಬರುತ್ತಿದ್ದಳು. ಅಪ್ಪನ ಪಾಳಿ ಮುಗಿಯುವ ತನಕ ಆ ಕಂಬಿಯ ಹತ್ತಿರ ನಿಂತು, ಎದ್ದ ಬಣ್ಣವನ್ನು ಉಗುರಿನಿಂದ ಎಬ್ಬುತ್ತಾ ಇರುತ್ತಿದ್ದಳು. ಅದಕ್ಕೇ ಅವನು ಅವಳನ್ನು ಮರಕುಟಿಗ ಅನ್ನುತ್ತಿದ್ದ. ಕನ್ನಡಕದೊಳಗೂ ಅದನ್ನೇ ಮಾಡುತ್ತಿದ್ದಳು. ಮುಖ ಕಾಣುತ್ತಿರಲಿಲ್ಲ. ಬೆನ್ನು, ಒಂದು ಹೆಗಲಿಂದ ಜಾರಿದ ಬ್ಯಾಗು, ಬಿಚ್ಚಿಹೋದ ಒಂದು ಜಡೆ. ಒಂದು ಕಾಲಿನ ಬೂಟಿನಿಂದ ಇನ್ನೊಂದು ಕಾಲಿನ ಮೀನಖಂಡ ಕೆರೆದುಕೊಂಡಳು. ಅಷ್ಟರಲ್ಲಿ ತುದಿ ಬಂತು, ಗಾಡಿ ಬಿತ್ತು, ಎಲ್ಲ ಹೋಯಿತು. ಹದ್ದು ಬಂದಿತೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ.

ಇಳಿದಾಗ ಗ್ರೀಸಿನವನು, ಹೇಗಿದೆ ಹದ್ದು ಅಂತ ಕೇಳಿದ. ಬ್ರೇಕಣ್ಣ, ದೊಡ್ಡದಿದೆ ಅಂದ.

ಅಂದಿನಿಂದ ಬೆಳಗಿನ ಸುತ್ತನ್ನು ಅವನು ಯಾರಿಗೂ ಬಿಟ್ಟುಕೊಡಲಿಲ್ಲ. ಮೈ ಸುಡುತ್ತಿದ್ದರೂ ಬಂದ. ರಜೆಯ ದಿನವೂ ಬಂದು ಸುತ್ತು ಹೋಗಿ ಮನೆಗೆ ಮರಳಿದ. ಎಷ್ಟು ನೋಡಿದರೂ ಮುಗಿಯದ ಹಾಗಿತ್ತು ಅದು. ಒಂದು ದಿನ ಬೂಟಿನ ಲೇಸು, ಇನ್ನೊಂದು ದಿನ ಬ್ಯಾಗಿನ ಪಟ್ಟಿಗೆ ಹಾಕಿದ ಪಿನ್ನು, ಮತ್ತೊಂದು ದಿನ ಅವಳ ಮೊಣಕೈ. ಇಷ್ಟು ಸಿಕ್ಕಿದರೆ ಸಾಕು, ಹೇಗೋ ಸಾಯುವ ತನಕ ದೂಡಬಹುದು ಅಂತ ಅವನಿಗೆ ಅನ್ನಿಸತೊಡಗಿತ್ತು.

ಹೆಂಡತಿಗೆ ಹೇಳಬೇಕೋ ಬೇಡವೋ ಅಂತ ಬಹಳ ದಿನ ತೂಗಿ ನೋಡಿದ. ಅವಳು ಮನೆಯಲ್ಲೇ ಹೊಲಿಗೆ ಮಿಷನ್ನಿನ ಮುಂದೆ ಕೂತು ಪಾರ್ಕಿನ ಕನ್ನಡಕಗಳಿಗೆ ಬಟ್ಟೆಯ ಪಟ್ಟಿ ಹೊಲಿದುಕೊಡುತ್ತಿದ್ದಳು. ಜನರ ಬೆವರು ಕನ್ನಡಕಕ್ಕೆ ಹತ್ತಬಾರದಲ್ಲ, ಅದಕ್ಕೆ. ಮಗಳು ಹೋದ ಮೇಲೆ ಮಾತು ಬೇಕಾದಷ್ಟಕ್ಕೇ ನಿಂತಿತ್ತು. ಊಟಕ್ಕೆ ಬನ್ನಿ. ಗ್ಯಾಸು ಮುಗಿದಿದೆ. ದಾರ ತನ್ನಿ. ಮಂಚದ ಕೆಳಗೆ ಮಗಳ ಮನೆಚಪ್ಪಲಿ ಬಿಟ್ಟ ಜಾಗದಲ್ಲೇ ಇದ್ದವು. ಅವಳು ಅದರ ಸುತ್ತ ಗುಡಿಸುತ್ತಿದ್ದಳು.

ಕೊನೆಗೆ ಒಂದು ಸಂಜೆ ಹೇಳಿದ. ಹೀಗ್ಹೀಗೆ, ಕನ್ನಡಕದೊಳಗೆ ಇದ್ದಾಳೆ, ಬೆಳಿಗ್ಗೆ ನನ್ನ ಜೊತೆ ಬಂದರೆ ನೋಡಬಹುದು. ಮಿಷನ್ನು ನಿಂತಿತು.

"ಮುಖ ಕಾಣುತ್ತಾ?"

"ಇಲ್ಲ. ಬೆನ್ನು."

"ಮತ್ತೆ ನಾನು ಏನು ನೋಡೋಕೆ ಬರ್ಲಿ."

ಮಿಷನ್ನು ಮತ್ತೆ ಓಡಿತು. ಆ ವಿಷಯ ಅಲ್ಲಿಗೇ ಮುಗಿಯಿತು.

ಮುಂದಿನ ಸೀಸನ್ನಿಗೆ ಹದ್ದು ಹಳತಾಯಿತು. ಜನಕ್ಕೆ ಹೊಸತು ಬೇಕು, ಹದ್ದು ತೆಗೆದು ಸಮುದ್ರ ತರುತ್ತಾರಂತೆ, ಗಾಡಿ ನೀರಿನೊಳಗೆ ಮುಳುಗಿ ತಿಮಿಂಗಿಲದ ಬಾಯಿಗೆ ಹೋಗುತ್ತದಂತೆ ಅಂತ ಟಿಕೆಟಿನವನೇ ಸುದ್ದಿ ತಂದ. ಆಮೇಲೆ ನಮ್ಮ ಬ್ರೇಕಣ್ಣ ಹಿಂದೆ ತಿರುಗಿದರೆ ಮೀನಿನ ಬಾಲ ಕಾಣಬಹುದು ಅಂತ ನಕ್ಕ.  ಸಮುದ್ರ ಅಂದರೆ ಎಲ್ಲ ಕಡೆ ನೀರು. ಏರು, ಕಟ್ಟೆ, ಕಂಬಿ, ಎಲ್ಲ ಮುಳುಗುತ್ತದೆ.

ಊಟದ ಹೊತ್ತಿಗೆ ಅವನು ಸಿಂಕ್ ಮೇಡಂ ಕೋಣೆಗೆ ಹೋದ. ಹಿಂದೆಂದೂ ಒಳಗೆ ಕಾಲಿಟ್ಟಿರಲಿಲ್ಲ. ಎ.ಸಿ. ಚಳಿ, ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಸಾಲಾಗಿ ಥರ್ಮಾಕೋಲಿನ ತಲೆಗಳು, ಪ್ರತಿ ತಲೆಗೂ ಒಂದು ಕನ್ನಡಕ. ಮೇಡಂ ಕಂಪ್ಯೂಟರಿನ ಮುಂದೆಯೇ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದಳು. ಕೂತುಕೊಳ್ಳಿ ಅಂದಳು. ಅವನು ನಿಂತೇ ಹೇಳಿದ. ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದೆ ಕೊಕ್ಕೆಯಿಂದ ಶುರು ಮಾಡಿದ. ಅವಳು ಊಟ ಬಿಟ್ಟು ಕಂಪ್ಯೂಟರಿನಲ್ಲಿ ಆ ಮೂಲೆ ಹುಡುಕಿ ತೆಗೆದಳು, ದೊಡ್ಡದು ಮಾಡಿದಳು. ಇಷ್ಟು ದಿನ ಅವಳೂ ಅದನ್ನು ಗಮನಿಸಿರಲಿಲ್ಲ. 

"ಇದೊಂದು ಮೂಲೇನ ಬಿಟ್ಟುಬಿಡಿ ಮೇಡಂ. ಮಿಕ್ಕಿದ್ದು ಏನಾದ್ರೂ ಮಾಡ್ಕೊಳ್ಳಿ."

ಅವಳು ಆಗಲ್ಲ ಅನ್ನಲಿಲ್ಲ. ಅಲ್ಲಿ ಒಂದು ದಡ ಮಾಡುತ್ತೇನೆ, ನೀರು ಅಲ್ಲಿಗೆ ಮುಟ್ಟದ ಹಾಗೆ ನೋಡಿಕೊಳ್ಳುತ್ತೇನೆ, ಯಾರನ್ನೂ ಕೇಳಬೇಕಿಲ್ಲ ಅಂದಳು. ಒಳ್ಳೆಯ ಹೆಂಗಸು. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಅದೇ ಅದರ ಪೀಡೆ. ಮನೆಯವರು ನೋಡಿದ್ದಾರಾ ಅಂತ ಅವಳು ಕೇಳಿದಳು. ಬ್ರೇಕಣ್ಣ, ಇಲ್ಲ ಮೇಡಂ, ಮುಖ ಕಾಣಲ್ಲ ಅಂತ ಅವಳು ಬರಲೊಲ್ಲಳು ಅಂದ. ಅಂದವನು ಅಷ್ಟಕ್ಕೆ ಸುಮ್ಮನಿರದೆ, ಮಗಳು ಹೇಗಿದ್ದಳು ಅಂತ ಮೇಡಂಗೂ ಗೊತ್ತಾಗಲಿ ಅನ್ನುವ ಆಸೆಗೆ ಫೋನು ತೆಗೆದು ಫೋಟೋ ತೋರಿಸಿದ. ಇದನ್ನು ನನಗೆ ಕಳಿಸಿ ಅಂದಳು. ಕಳಿಸಿದ. ಕಳಿಸುವುದು ಸರಿಯಾಗಿ ಬರುತ್ತಿರಲಿಲ್ಲ, ಅವಳೇ ಫೋನು ತೆಗೆದುಕೊಂಡು ಕಳಿಸಿಕೊಂಡಳು.

ಸಮುದ್ರ ತಯಾರಾದ ದಿನ ಮೇಡಂ ಕಟ್ಟೆಗೇ ಬಂದಳು. ನಾಳೆ ಬೆಳಗಿನ ಸುತ್ತಿಗೆ ಅಕ್ಕನ್ನೂ ಕರೆದುಕೊಂಡು ಬನ್ನಿ, ಈಗ ಮುಖ ಕಾಣುತ್ತೆ ಅಂದಳು. ಅವನು ಹಿಡಿಕೆ ಬಿಟ್ಟು ಕೈ ಮುಗಿದ. ಅವನು ತಿಳಿದುಕೊಂಡದ್ದು ಹೀಗೆ: ಅವತ್ತು ಕ್ಯಾಮೆರಾ ಎಷ್ಟೋ ಸುತ್ತು ಹೊಡೆದಿತ್ತು. ಯಾವುದೋ ಒಂದು ಸುತ್ತಿನಲ್ಲಿ ಹುಡುಗಿ ಇತ್ತ ತಿರುಗಿರಬೇಕು. ಮೇಡಂ ಅದನ್ನು ಹುಡುಕಿ ತೆಗೆದಿದ್ದಾಳೆ. ಮನೆಗೆ ಹೋಗಿ ಹೆಂಡತಿಗೆ ಅದನ್ನೇ ಹೇಳಿದ.  ಬೆಳಿಗ್ಗೆ ಅವನು ಏಳುವ ಹೊತ್ತಿಗೆ ಅವಳು ಸ್ನಾನ ಮಾಡಿ, ತಲೆ ಬಾಚಿ, ಒಳ್ಳೆ ಸೀರೆ ಉಟ್ಟು ಬಾಗಿಲ ಹತ್ತಿರ ನಿಂತಿದ್ದಳು.

ಪಕ್ಕ ಪಕ್ಕ ಕೂತರು. ತಾನೇ ಹೊಲಿದ ಪಟ್ಟಿ ಮುಖಕ್ಕೆ ತಾಗಿದಾಗ, ಹೊಲಿಗೆ ಚುಚ್ಚುತ್ತೆ ಅಂದಳು, ಅಷ್ಟೆ. ಗಾಡಿ ಏರತೊಡಗಿತು. ಕಂಬಗಳ ಮೇಲೆ ನೀರು ಏರುತ್ತಾ ಬಂತು, ಮೀನುಗಳು ಬಂದವು. ಎಡಗಡೆ ತಿರುಗು, ಬಗ್ಗಿ ನೋಡು ಅಂತ ಅವನು ಅವಳ ಭುಜ ಮುಟ್ಟಿ ತೋರಿಸಿಕೊಟ್ಟು, ತಾನೂ ತಿರುಗಿದ.

ದಡದ ಮೇಲೆ ಹುಡುಗಿ ನಿಂತಿದ್ದಳು. ಕಂಬಿ ಇತ್ತು, ಬ್ಯಾಗು ಇತ್ತು. ಅವಳು ಮೆಲ್ಲಗೆ ಇತ್ತ ತಿರುಗಿದಳು, ನಕ್ಕಳು, ಕೈ ಎತ್ತಿ ಬೀಸಿದಳು.

ಮುಂದಿನ ಹಲ್ಲು ಇರಲಿಲ್ಲ.

ಮೇಡಂಗೆ ಕಳಿಸಿದ ಫೋನಿನ ಫೋಟೋದಲ್ಲೂ ಆ ಹಲ್ಲು ಇರಲಿಲ್ಲ, ಅದು ಹಳೆಯ ಫೋಟೋ. ಕ್ಯಾಮೆರಾ ಬಂದ ಕಾಲಕ್ಕೆ ಹೊಸ ಹಲ್ಲು ಹುಟ್ಟಿ ಬೆಳೆದಿತ್ತು, ಅದರಿಂದ ಅವಳು ಕೆಳತುಟಿ ಕಚ್ಚಿಕೊಳ್ಳುತ್ತಿದ್ದಳು. ಕೈ ಬೀಸುವ ಜಾಯಮಾನದವಳೂ ಅಲ್ಲ ಅವಳು. ಬಾ ಅಂತ ಕರೆದರೆ ನಾಲಿಗೆ ಚಾಚುತ್ತಿದ್ದಳು. ಇವಳು ಐದೂ ಬೆರಳು ಜೋಡಿಸಿಕೊಂಡು, ಜಾಹೀರಾತಿನ ಮಗುವಿನ ಹಾಗೆ, ಒಂದೇ ಲಯದಲ್ಲಿ ಬೀಸುತ್ತಿದ್ದಳು.  ಪಕ್ಕದಲ್ಲಿ ಹೆಂಡತಿಯ ಗಂಟಲಿನಿಂದ ಒಂದು ಸದ್ದು ಬಂತು. ಅವಳಿಗೂ ಗೊತ್ತಾಯಿತು, ಹೆಂಡತಿಯನ್ನು ಯಾಕಾದರೂ ಕರೆತಂದೆನೋ ಅಂದುಕೊಂಡು ಅವನು ತನ್ನ ಕನ್ನಡಕ ಕಿತ್ತು ಅವಳ ಕಡೆ ನೋಡಿದ. ಅವಳು ಹಿಂದಕ್ಕೆ ತಿರುಗಿ, ಕಟ್ಟೆಯ ಪಕ್ಕದ ಖಾಲಿ ಕಂಬಿಯತ್ತ, ಎರಡೂ ಕೈ ಎತ್ತಿ ಬೀಸುತ್ತಿದ್ದಳು. ಗಾಡಿ ಬಿದ್ದಾಗಲೂ ಕೈ ಇಳಿಸಲಿಲ್ಲ.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಮಾತಾಡಿದಳು. ಒಂದು ವರ್ಷದ ಮಾತು ಒಟ್ಟಿಗೇ ಬಂದ ಹಾಗಿತ್ತು. ಕೆನ್ನೆ ನೋಡಿದ್ರಾ, ಗುಳಿ ನೋಡಿದ್ರಾ, ನನ್ನ ಕಡೆಗೇ ನೋಡ್ತಿದ್ಳು ಅಲ್ವಾ. ಅವನು ಹೂಂ ಹೂಂ ಅನ್ನುತ್ತಾ ನಡೆದ. ಅಂಗಡಿ ತಿರುವಿನಲ್ಲಿ ತಡೆಯಲಾಗಲಿಲ್ಲ.

"ಹಲ್ಲು ನೋಡಿದ್ಯಾ? ಆಗ ಹಲ್ಲು ಬಂದಿತ್ತಲ್ಲ ಅವಳಿಗೆ."

ಹೆಂಡತಿ ನಿಂತಳು.

"ನಂಗೊತ್ತಿಲ್ವಾ? ಹಲ್ಲು ಬಿದ್ದಾಗ ಹತ್ತಿ ಒತ್ತಿದ್ದು ನಾನು." ಮತ್ತೆ ನಡೆಯುತ್ತಾ ಅಂದಳು, "ಒಂದು ಸೀಸನ್ ಪೂರ್ತಿ ನೀವೊಬ್ರೇ ನೋಡ್ಕೊಂಡ್ರಿ. ನಂಗೂ ಏನಾದ್ರೂ ಇರ್ಲಿ ಬಿಡ್ರಿ."

ಅವನು ಅವಳ ಹಿಂದೆಯೇ ನಡೆದ. 

ಮಾರನೆಯ ದಿನ ಮೇಡಂ ಹತ್ತಿರ ಹೋಗಿ ಹಳೆಯದನ್ನು ಕೇಳಿದ. ಸವಾರಿಯಲ್ಲಿ ಏನಾದರೂ ಇರಲಿ, ನನಗೊಬ್ಬನಿಗೆ ಆ ಹಳೇ ಮೂಲೆಯನ್ನು ಫೋನಿಗೆ ಹಾಕಿಕೊಡಿ ಅಂದ.  ಹದ್ದಿನ ಸವಾರಿಯ ಫೈಲುಗಳನ್ನೆಲ್ಲ ಅಳಿಸಿಯಾಗಿತ್ತು. ಅಷ್ಟು ದೊಡ್ಡ ಫೈಲುಗಳನ್ನು ಯಾರೂ ಇಟ್ಟುಕೊಳ್ಳುವುದಿಲ್ಲ, ಸಮುದ್ರಕ್ಕೆ ಜಾಗ ಬೇಕಿತ್ತು. ದಡದ ಮೇಲೆ ಆ ಮೂಲೆಯನ್ನು ಹೊಸದಾಗಿ ಕಟ್ಟಿದ ಮೇಲೆ ಹಳೆಯದು ಬೇಕಾಗಬಹುದು ಅಂತ ಅವಳಿಗೆ ಹೊಳೆದೇ ಇರಲಿಲ್ಲ. ಬೆನ್ನು ಇದ್ದ ಕಡೆ ಮುಖ ಕೊಟ್ಟಿದ್ದೇನೆ, ಅದಕ್ಕಿಂತ ಇನ್ನೇನು ಅಂತ ಅವಳ ಲೆಕ್ಕ. ಕಣ್ಣೊರೆಸಿಕೊಂಡಳು. ಆಮೇಲೆ, ನೀವು ಹೇಳಿ, ಹೇಗಿತ್ತೋ ಹಾಗೇ ಮಾಡಿಕೊಡುತ್ತೇನೆ, ಒಂದು ಕೂದಲು ಕೂಡ ಆಚೀಚೆ ಆಗದ ಹಾಗೆ, ಅಂತ ಕುರ್ಚಿ ಎಳೆದು ಕೂರಿಸಿದಳು.

ಅವನು ಕೂತ. ಹೇಳತೊಡಗಿದ. ಕಂಬಿ ಹಿಡಿದುಕೊಂಡು ನಿಂತಿದ್ದಳು. ಸರಿ. ಬ್ಯಾಗು ಒಂದು ಹೆಗಲ ಮೇಲಿತ್ತು.

"ಯಾವ ಹೆಗಲು?"

ಎಡ ಅಂದ. ಅಲ್ಲ, ಬಲ. ಬಲಗೈಯಲ್ಲಿ ಬಣ್ಣ ಕೀಳುತ್ತಿದ್ದಳು, ಹಾಗಾದರೆ ಬ್ಯಾಗು ಎಡಕ್ಕಿರಬೇಕು. ಬಿಚ್ಚಿದ್ದು ಯಾವ ಜಡೆ? ಕಣ್ಣು ಮುಚ್ಚಿ ನೋಡಿದ. ಬಿಸಿಲಿತ್ತು, ಕಂಬಿ ಇತ್ತು. ಬೆನ್ನು ತೋರಿಸಿ ನಿಂತಿದ್ದ ಹುಡುಗಿ ಮೆಲ್ಲಗೆ ಇತ್ತ ತಿರುಗಿದಳು, ನಕ್ಕಳು, ಐದೂ ಬೆರಳು ಜೋಡಿಸಿ ಕೈ ಬೀಸಿದಳು. ಕಣ್ಣು ತೆರೆದು ಮತ್ತೆ ಮುಚ್ಚಿದ. ಮತ್ತೆ ಬೀಸಿದಳು. ಬೇಡ ಬಿಡಿ ಮೇಡಂ ಅಂತ ಎದ್ದು ಬಂದ.

ಆಮೇಲಿನದು ಬೇಗ ಬೇಗ ಆಯಿತು. ಸವಾರಿ ಹೋದ ಮಕ್ಕಳು ಹಿಂದೆ ಒಬ್ಬಳು ಹುಡುಗಿ ಇದ್ದಾಳೆ ಅಂತ ಕಂಡುಹಿಡಿದು ಒಬ್ಬರಿಗೊಬ್ಬರು ಹೇಳಿಕೊಂಡರು. ತಿಮಿಂಗಿಲಕ್ಕಿಂತ ಅವಳೇ ಹೆಸರುವಾಸಿಯಾದಳು. ಕಂಪನಿಯವರಿಗೆ ಆಶ್ಚರ್ಯ, ಆಮೇಲೆ ಖುಷಿ. ಏರು ಶುರುವಾಗುತ್ತಲೇ ಸ್ಪೀಕರಿನಲ್ಲಿ, ಹಿಂದಕ್ಕೆ ತಿರುಗಿ ಗೆಳತಿಗೆ ಕೈ ಬೀಸಿ, ಅನ್ನುವ ದನಿ ಹಾಕಿದರು. ಅವಳು ನಿಂತ ಜಾಗ ಬ್ರೇಕಿನ ಕಟ್ಟೆಯ ಪಕ್ಕವಲ್ಲವೇ, ಹಾಗಾಗಿ ಪ್ರತಿ ಸಲ ರೈಲು ಏರಿಗೆ ಬಿದ್ದಾಗಲೂ ಕಣ್ಣಿಗೆ ಕಪ್ಪು ಕಟ್ಟಿಕೊಂಡ ಅಷ್ಟೂ ಜನ ಹಿಂದೆ ತಿರುಗಿ ಬ್ರೇಕಣ್ಣನಿಗೆ ಕೈ ಬೀಸುತ್ತಿದ್ದರು. ಟಿಕೆಟಿನವನು ತಮಾಷೆ ಮಾಡಲು ಬಾಯಿ ತೆರೆದವನು ಬ್ರೇಕಣ್ಣನ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಅದೇ ಮೊದಲ ಸಲ.

ಬ್ರೇಕಣ್ಣ ಬೆಳಗಿನ ಸುತ್ತನ್ನು ಹೆಂಡತಿಗೆ ಬಿಟ್ಟ. ಅವಳು ದಿನಾ ಬಂದು ಹತ್ತುತ್ತಿದ್ದಳು, ಇಳಿದು ನಗುನಗುತ್ತಾ ಹೋಗುತ್ತಿದ್ದಳು. ಮೈಕೈ ತುಂಬಿಕೊಂಡಳು. ಪಕ್ಕದ ಮನೆಯವರ ಜೊತೆ ಜಗಳ ಮತ್ತೆ ಶುರು ಮಾಡಿದಳು. ಮಂಚದ ಕೆಳಗಿನ ಚಪ್ಪಲಿ ತೆಗೆದು ಯಾರಿಗೋ ಕೊಟ್ಟಳು. ಕೇಳಿದ್ದಕ್ಕೆ, ಅವು ಈಗ ಯಾರಿಗೆ ಬೇಕು ಅಂದಳು. ಅವಳು ಬದುಕಿಕೊಂಡಳು. ಅದನ್ನು ಕಂಡು ಸಂತೋಷಪಡಬೇಕು ಅಂತ ಅವನಿಗೆ ಗೊತ್ತಿತ್ತು.

ಸೀಸನ್ ಮುಗಿಯುವ ವಾರ, ಸಂಜೆ ಊಟಕ್ಕೆ ಕೂತಾಗ ಅವಳು ತಟ್ಟೆ ಇಡುತ್ತಾ ಹೇಳಿದಳು. ಕಂಪನಿಯವರು ಮೇಡಂ ಜೊತೆ ಮನೆಗೆ ಬಂದಿದ್ದರಂತೆ. ಮುಂದಿನ ಸೀಸನ್ನಿಗೆ ಸಮುದ್ರದಲ್ಲಿ ಒಂದು ಹಡಗು ಮಾಡುತ್ತಾರಂತೆ, ಹುಡುಗಿ ದೊಡ್ಡವಳಾಗಿ ಹಡಗು ನಡೆಸುತ್ತಾಳಂತೆ. ಬೆಳೆಸೋಕೆ ಬರುತ್ತಂತೆ ರೀ ಅಂದಳು. ವರ್ಷ ವರ್ಷ ಬೆಳೆಸಬಹುದಂತೆ. ಅಪ್ಪ ಅಮ್ಮನ ಮುಖ ಕೊಟ್ಟರೆ, ದೊಡ್ಡವಳಾದ ಮೇಲೆ ಹೇಗಿರುತ್ತಿದ್ದಳು ಅಂತ ಯಂತ್ರವೇ ಲೆಕ್ಕ ಹಾಕುತ್ತದಂತೆ.

"ನೀನೇನಂದೆ?"

"ಹೂಂ ಅಂದೆ. ಕಣ್ಣು ನಂದು, ಮೂಗು ಮಾತ್ರ ನಿಮ್ಮದೇ ಇರ್ಲಿ ಅಂದೆ."

ಅವನು ಅವಳ ಮುಖ ನೋಡಿದ. ಅವಳು ಮದುವೆಯಾದ ಹೊಸದರಲ್ಲಿ ಹೀಗೆ ಕಾಣುತ್ತಿದ್ದಳು. ಅವಳನ್ನು ಬಿಟ್ಟರೆ ಅವನಿಗೆ ಈಗ ಯಾರೂ ಇರಲಿಲ್ಲ. ಬೇಡ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಬೇಡ ಅಂದರೆ ಮಿಷನ್ನು ಮತ್ತೆ ಓಡತೊಡಗುತ್ತದೆ, ಮಾತು ನಿಲ್ಲುತ್ತದೆ. ಬೇಡ ಅಂದರೂ, ಯಾರನ್ನು ಉಳಿಸಿಕೊಳ್ಳುವುದಕ್ಕೆ ಅನ್ನಬೇಕು? ಕಣ್ಣು ಮುಚ್ಚಿದರೆ ಅವನಿಗೂ ಕಾಣುತ್ತಿದ್ದದ್ದು ಆ ಕೈ ಬೀಸುವವಳೇ.

ಅವಳು ಸೆರಗಿಗೆ ಕೈ ಒರೆಸಿಕೊಂಡು ಫೋನು ಎತ್ತಿಕೊಂಡಳು. ಪಕ್ಕದಿಂದ ಒಂದು ಫೋಟೋ ಬೇಕಂತೆ, ಮೂಗಿನ ಅಳತೆಗೆ, ಬೆಳಕಿರುವಾಗಲೇ ತೆಗೆದುಬಿಡೋಣ ಅಂದಳು.

"ಅನ್ನ ಆರುತ್ತೆ," ಅಂದ ಅವನು.

"ಒಂದು ನಿಮಿಷ. ಸ್ವಲ್ಪ ಕಿಟಕಿ ಕಡೆ ನೋಡಿ. ಗಲ್ಲ ಎತ್ತಿ. ಇಷ್ಟು ಬಿಗಿಯಾಗಿ ಹಿಡ್ಕೊಬೇಡ್ರಿ ಮುಖಾನ, ಅವಳಿಗೂ ಹಾಗೇ ಬಂದ್ಬಿಡುತ್ತೆ."

ಬ್ರೇಕಣ್ಣ ಕಿಟಕಿಯ ಕಡೆ ನೋಡಿದ. ಮುಖ ಸಡಿಲ ಬಿಟ್ಟ.